ಸರದಿ ಮುಗಿದರೂ ಏಳದವರು

ಗದಗ, ಕಪ್ಪತಗುಡ್ಡದ ಬದಿ
ಕಾವು ತಿಂಗಳ ಹತ್ತೊಂಬತ್ತು, ೨೧೯೪

ಹಿರಿಯರೇ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನ ಯಾವ ಹಾಳೆಯಲ್ಲೂ ಸಿಗುವುದಿಲ್ಲ. ಏಪ್ರಿಲ್‌ನಿಂದ ಒಂದಿಷ್ಟು, ಮೇ ತಿಂಗಳಿನಿಂದ ಒಂದಿಷ್ಟು ದಿನ ತೆಗೆದು ನಾವು ಹೊಸದೊಂದು ತಿಂಗಳು ಮಾಡಿಕೊಂಡಿದ್ದೇವೆ. ಅದಕ್ಕೆ ಕಾವು ತಿಂಗಳು ಎನ್ನುತ್ತೇವೆ. ಆ ದಿನಗಳಲ್ಲಿ ಶಾಲೆ, ಕಚೇರಿ, ಸಂತೆ ಎಲ್ಲ ಮುಚ್ಚಿರುತ್ತವೆ. ಊರಿಗೆ ಊರೇ ನೆಲಮನೆಗೆ, ಎಂದರೆ ಪ್ರತಿ ಮನೆಯ ಅಡಿಯಲ್ಲಿ ತೋಡಿದ ತಂಪು ಕೋಣೆಗೆ, ಇಳಿದು ಕೂರುತ್ತದೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಾಣಬಹುದು. ಕೆಲವು ಮಾತುಗಳು ನಿಮ್ಮ ನಂತರ ಹುಟ್ಟಿದವು, ನಿಮ್ಮ ಎಷ್ಟೋ ಮಾತುಗಳು ನಮ್ಮ ಬಾಯಲ್ಲಿ ಉಳಿದಿಲ್ಲ. ಅದಕ್ಕೆ ಕ್ಷಮೆ ಇರಲಿ. ಹೊಸ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಮಾತಿಗಷ್ಟೇ ಕ್ಷಮೆ. ಹೇಳಲಿರುವ ಸಂಗತಿಗೆ ನಾನು ಯಾರ ಕ್ಷಮೆಯನ್ನೂ ಕೇಳುವವಳಲ್ಲ.

ಇದನ್ನು ನನ್ನ ಮುತ್ತಜ್ಜಿಯ ಅಜ್ಜಿಗೆ ಬರೆಯಬೇಕೆಂದಿದ್ದೆ. ಆದರೆ ಆಕೆ ಯಾರೆಂದು ನನಗೆ ತಿಳಿದಿಲ್ಲ. ನನ್ನನ್ನು ಹೆತ್ತವಳು ಕಾರವಾರದ ಕಡೆ ಕಡಲಗೋಡೆ ಕಟ್ಟುವ ಕೆಲಸಕ್ಕೆ ಹೋದಳು, ಮತ್ತೆ ಬರಲಿಲ್ಲ ಎಂಬಷ್ಟೇ ಗೊತ್ತು. ಆದ್ದರಿಂದ ನಿಮ್ಮ ಕಾಲದಲ್ಲಿ ಬದುಕಿರುವ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಾನು ಬೆಳೆಮನೆಯ ಮಗು. ಬಿಸಿಲಿನ ವರ್ಷಗಳು ಶುರುವಾದಾಗ ಕೂಸುಗಳು ಸೆಕೆಗೆ ತಾಳದೆ ಸಾಯತೊಡಗಿದವು. ಆಗ ಸರ್ಕಾರ ಜಿಲ್ಲೆಗೊಂದರಂತೆ ದೊಡ್ಡ ತಂಪುಮನೆ ಕಟ್ಟಿಸಿತು, ಅದೇ ಬೆಳೆಮನೆ. ದುಡಿಯಲು ದೂರ ಹೋಗುವ ತಂದೆತಾಯಿ ಕೂಸನ್ನು ಅಲ್ಲಿ ಬಿಟ್ಟು ಹೋಗಬಹುದಿತ್ತು. ಮೊದಲು ಬೇಸಿಗೆಯ ಮಟ್ಟಿಗೆ, ಆಮೇಲೆ ವರ್ಷಗಟ್ಟಲೆ, ಕೊನೆಗೆ ತಿರುಗಿ ಬಂದು ಕೇಳುವವರೇ ಇಲ್ಲದ ಕೂಸುಗಳೇ ಹೆಚ್ಚಾದವು. ಆ ಮನೆ ಕಟ್ಟಿದವರು ಕೆಟ್ಟವರಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ನಮ್ಮ ಜೀವ ಉಳಿಸಿದರು. ಗೋಡೆಗಳು ತಂಪಾಗಿದ್ದವು, ಹಾಸಿಗೆ ಮಡಿಯಾಗಿತ್ತು, ಹಾಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ತೊಟ್ಟಿಲಿನ ಕಂಬಿಗೆ ಬಾಟಲಿ ಸಿಕ್ಕಿಸಿ ಹೋಗುತ್ತಿದ್ದರು, ನಾವು ತಲೆ ವಾಲಿಸಿ ಕುಡಿಯುತ್ತಿದ್ದೆವು. ನೋಡಿಕೊಳ್ಳುವ ಹೆಂಗಸರಿಗೆ ಸರದಿತಾಯಿ ಎಂದು ಹೆಸರು. ಒಬ್ಬಳಿಗೆ ಒಂದು ಇಡೀ ಸಾಲಿನ ತೊಟ್ಟಿಲು. ವಾರಕ್ಕೊಮ್ಮೆ ಗಂಟೆ ಬಾರಿಸಿದರೆ ಅವರ ಸಾಲು ಬದಲಾಗುತ್ತಿತ್ತು. ಯಾವ ಕೂಸೂ ಒಬ್ಬಳಿಗೇ ಅಂಟಿಕೊಳ್ಳಬಾರದು, ಅಂಟಿಕೊಂಡರೆ ಅವಳು ಕೆಲಸ ಬಿಟ್ಟು ಹೋದಾಗ ಕೂಸು ಕೊರಗುತ್ತದೆ ಎಂಬುದು ಆ ನಿಯಮದ ಹಿಂದಿನ ಕರುಣೆ. ಕೂಸು ಅತ್ತಾಗ ಎತ್ತಿಕೊಳ್ಳಲು ಅವರಿಗೆ ಪುರಸೊತ್ತಿರಲಿಲ್ಲ. ಎತ್ತಿಕೊಂಡವಳು ಮುಂದಿನ ವಾರ ಇರುತ್ತಿರಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಕೂಸು ಅಳುವುದನ್ನು ಬಿಡುತ್ತಿತ್ತು. ನೋಡಲು ಬಂದ ಅಧಿಕಾರಿಗಳು, ಇಷ್ಟು ಕೂಸುಗಳಿದ್ದರೂ ಎಷ್ಟು ಶಾಂತವಾಗಿದೆ ಎಂದು ಮೆಚ್ಚಿ ಹೋಗುತ್ತಿದ್ದರು.

ನನಗೆ ಅಲ್ಲಿ ಇಟ್ಟ ಹೆಸರು ಸುಹಾಸಿನಿ. ಯಾರು ಬಂದರೂ ನಗುತ್ತಿದ್ದೆನಂತೆ. ನಾಲ್ಕು ವರ್ಷ ತುಂಬಿದರೂ ಎರಡು ವರ್ಷದ ಕೂಸಿನಷ್ಟೇ ಇದ್ದೆ. ನಡಿಗೆ ಬಂದದ್ದು ತಡವಾಗಿ. ಬರುತ್ತಿದ್ದ ಮಾತು ಬೆರಳೆಣಿಕೆಯಷ್ಟು, ಅದರಲ್ಲಿ ಮುಖ್ಯವಾದದ್ದು ‘ಅಕ್ಕಾ’. ಹೆಂಗಸರೂ ಅಕ್ಕ, ಗಂಡಸರೂ ಅಕ್ಕ, ಗೋಡೆಯ ಮೇಲಿನ ಗಡಿಯಾರವೂ ಅಕ್ಕ. ನಿದ್ದೆ ಬರಬೇಕಾದರೆ ಮೊಣಕಾಲಿನ ಮೇಲೆ ಕೂತು ಹಿಂದಕ್ಕೂ ಮುಂದಕ್ಕೂ ತೂಗಿಕೊಳ್ಳುತ್ತಿದ್ದೆ. ನನ್ನನ್ನು ತೂಗುವವಳು ನಾನೇ ಆಗಿದ್ದೆ.

ನನ್ನನ್ನು ಮನೆಗೆ ಕರೆದುಕೊಂಡು ಬಂದವಳು ಫಕೀರವ್ವ ಕಮತರ. ಗದಗಿನ ಹಳೇ ಸ್ಟೇಷನ್ನಿನ ಎದುರು ಖಾನಾವಳಿ ನಡೆಸುತ್ತಿದ್ದಳು. ಮದುವೆಯಾಗಿರಲಿಲ್ಲ, ವಯಸ್ಸು ನಲವತ್ತು ದಾಟಿತ್ತು, ಬಾಯಿ ಜೋರು. ಬೆಳೆಮನೆಗಳನ್ನು ಮೆಲ್ಲಗೆ ಖಾಲಿ ಮಾಡಿ ಮಕ್ಕಳನ್ನು ಮನೆಗಳಿಗೆ ಕೊಡಲು ಶಿಶು ಮಂಡಳಿ ಎಂಬ ಹೊಸ ಕಚೇರಿ ಆಗಷ್ಟೇ ತೀರ್ಮಾನಿಸಿತ್ತು. ಒಂದು ವರ್ಷ ಇಟ್ಟುಕೊಂಡು ನೋಡುವುದು, ಹೊಂದಿದರೆ ಮಗು ಆ ಮನೆಯದು. ಫಕೀರವ್ವನಿಗೆ ಮಕ್ಕಳ ವಿಷಯ ಏನೇನೂ ಗೊತ್ತಿರಲಿಲ್ಲ. ಹೊಟ್ಟೆ ತುಂಬ ರೊಟ್ಟಿ ಹಾಕಿ, ಎಣ್ಣೆ ಹಚ್ಚಿ ಎರೆದರೆ ಮಗು ತಾನಾಗಿಯೇ ಅವ್ವಾ ಎನ್ನುತ್ತದೆ ಎಂದು ನಂಬಿದ್ದಳು.

ಖಾನಾವಳಿಯ ಗಿರಾಕಿಗಳಿಗೆ ನಾನು ಬಹಳ ಹಿಡಿಸಿದೆ. ಅವರಲ್ಲಿ ಹೆಚ್ಚಿನವರು ಗುಡ್ಡದ ಗಾಳಿಕಂಬಗಳನ್ನು, ಎಂದರೆ ಗಾಳಿಯಿಂದ ವಿದ್ಯುತ್ ತೆಗೆಯುವ ಕಂಬಗಳನ್ನು, ರಿಪೇರಿ ಮಾಡುವ ಮಂದಿ. ಮೈತುಂಬ ಗ್ರೀಸು ಮೆತ್ತಿಕೊಂಡು ಸುಸ್ತಾಗಿ ಬಂದು ಕೂರುತ್ತಿದ್ದರು. ನಾನು ಹೋಗಿ ಸೀದಾ ಅವರ ತೊಡೆ ಏರುತ್ತಿದ್ದೆ. ಅವರ ಗಲ್ಲ ಹಿಡಿದು ನಗುತ್ತಿದ್ದೆ, ಅವರ ತಾಟಿನಿಂದ ಶೇಂಗಾ ಹಿಂಡಿ ಬೆರಳಲ್ಲಿ ತೆಗೆದು ನೆಕ್ಕುತ್ತಿದ್ದೆ. “ಎಷ್ಟ ಮಾಯಾ ಮಾಡತೈತಿ ನೋಡ್ರಿ ಈ ಕೂಸು” ಎಂದು ಅವರು ಕರಗುತ್ತಿದ್ದರು. ಅವರು ಎದ್ದುಹೋದರೆ ನಾನು ಮುಂದಿನವನ ತೊಡೆಗೆ. ಫಕೀರವ್ವ ಒಲೆಯ ಮುಂದಿನಿಂದ ನೋಡುತ್ತಿದ್ದಳು. ಅವಳ ತೊಡೆಗೂ ಹೋಗುತ್ತಿದ್ದೆ. ಆದರೆ ಹೇಗೆ ಅವರಲ್ಲಿಗೆ ಹೋಗುತ್ತಿದ್ದೆನೋ ಹಾಗೆಯೇ, ಕೂದಲೆಳೆಯಷ್ಟೂ ಹೆಚ್ಚಿಲ್ಲದೆ.

ಒಂದು ದಿನ ಹಿತ್ತಲಿನ ಮೆಟ್ಟಿಲಿನಿಂದ ಉರುಳಿ ಬಿದ್ದೆ. ಮೊಣಕಾಲು ಸುಲಿದು ರಕ್ತ ಸುರಿಯುತ್ತಿತ್ತು. ನಾನು ಎದ್ದು, ರಕ್ತವನ್ನು ಒಮ್ಮೆ ನೋಡಿ, ಮತ್ತೆ ಆಟಕ್ಕೆ ಕೂತೆನಂತೆ. ಫಕೀರವ್ವ ಓಡಿ ಬಂದಳು. “ಏ ಹುಡುಗೀ, ಅಳಬಾರದೇನ? ನೋವಾಗಿಲ್ಲೇನ ನಿನಗ? ನಾ ಇಲ್ಲೇ ಇದ್ದೆನಲ್ಲ, ಕರೀಬಾರದೇನ?” ನಾನು ನಕ್ಕೆ. ಆ ನಗು ನೋಡಿ ಅವಳಿಗೆ ಮೊದಲ ಬಾರಿ ಹೆದರಿಕೆಯಾಯಿತೆಂದು ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ.

ಆ ಹೆದರಿಕೆ ನಿಜವಾದದ್ದು ಬಸ್ ಸ್ಟ್ಯಾಂಡಿನಲ್ಲಿ. ಅವಳು ಬದನೆಕಾಯಿ ಚೌಕಾಶಿ ಮಾಡುತ್ತಿದ್ದ ಹೊತ್ತಿನಲ್ಲಿ ಯಾರೋ ಒಬ್ಬ ದಾರಿಹೋಕ ನನ್ನ ಕಡೆ ನೋಡಿ ನಕ್ಕ. ನಾನು ಅವನ ಬೆರಳು ಹಿಡಿದು ಹೊರಟೆ. ಅವನು ಒಳ್ಳೆಯವನೋ ಕೆಟ್ಟವನೋ ಇವತ್ತಿಗೂ ಗೊತ್ತಿಲ್ಲ. ಲಕ್ಕುಂಡಿ ಬಸ್ಸಿನ ಮೆಟ್ಟಿಲ ಮೇಲೆ ಅವನೊಡನೆ ನಿಂತಿದ್ದಾಗ ಫಕೀರವ್ವ ಬುಟ್ಟಿ ಚೆಲ್ಲಿ ಓಡಿ ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ಅವನು ಗುಂಪಿನಲ್ಲಿ ಕರಗಿಹೋದ. ನಾನು ಬಸ್ಸಿನ ಕಂಡಕ್ಟರನಿಗೆ ‘ಅಕ್ಕಾ’ ಎಂದು ಕೈಬೀಸುತ್ತಿದ್ದೆ.

ವರ್ಷ ಮುಗಿಯುವ ಹೊತ್ತಿಗೆ ಮಂಡಳಿಯವರು ಬೆಸುಗೆ ಪರೀಕ್ಷೆಗೆ ಕರೆದರು. ಮಗು ಒಬ್ಬ ಮನುಷ್ಯನನ್ನು ತನ್ನವರೆಂದು ಹಿಡಿದುಕೊಳ್ಳುವುದಕ್ಕೆ ನಮ್ಮ ಕಚೇರಿಗಳಲ್ಲಿ ಬೆಸುಗೆ ಎನ್ನುತ್ತಾರೆ, ಕಬ್ಬಿಣದ ಕೆಲಸದಿಂದ ಬಂದ ಮಾತು. ಪರೀಕ್ಷೆ ಮಾಡಿದವರು ಡಾಕ್ಟರ್ ರುಕಿಯಾ ನದಾಫ, ಮಕ್ಕಳ ಮನಸ್ಸಿನ ವೈದ್ಯೆ. ಆಟಿಕೆ ಹರವಿದ ಕೋಣೆಯಲ್ಲಿ ನಾನು ಮತ್ತು ಫಕೀರವ್ವ. ಸ್ವಲ್ಪ ಹೊತ್ತಿಗೆ ಫಕೀರವ್ವ ಎದ್ದು ಹೊರಗೆ ಹೋದಳು. ನಾನು ತಲೆ ಎತ್ತಲಿಲ್ಲ. ಎಂದೂ ಕಾಣದ ಹೆಂಗಸೊಬ್ಬಳು ಒಳಗೆ ಬಂದಳು. ನಾನು ಎದ್ದು ಅವಳ ತೊಡೆಯ ಮೇಲೆ ಕೂತೆ. ಫಕೀರವ್ವ ತಿರುಗಿ ಬಂದಳು. ನಾನು ಆ ಹೆಂಗಸಿನ ಬಳೆ ಎಣಿಸುತ್ತಿದ್ದೆ.

ಮಂಡಳಿಯ ಸಭೆಯಲ್ಲಿ ಅಧ್ಯಕ್ಷರು ಬಹಳ ಮರ್ಯಾದೆಯಿಂದಲೇ ಹೇಳಿದರು. ಮಗುವಿಗೆ ಈ ಮನೆ ಹೊಂದಿಲ್ಲ, ಬೆಸುಗೆ ಬಿದ್ದಿಲ್ಲ. ಮಗುವನ್ನು ತಿರುಗಿ ಒಪ್ಪಿಸಬೇಕು, ಬೇರೆ ಮನೆ ನೋಡೋಣ. ಡಾಕ್ಟರ್ ನದಾಫ ಎದ್ದು ನಿಂತರು. “ಸರ್, ಬೆಸುಗೆ ಇಲ್ಲ ಅಂತ ನಾನೇ ಬರ್ದೀನಿ. ವಾಪಸ್ ತಗೊಳ್ರಿ ಅಂತ ಎಲ್ಲೂ ಬರ್ದಿಲ್ಲ. ಈ ಮಗು ನಾಲ್ಕು ವರ್ಷದಾಗ ಎಷ್ಟ ಕೈ ಬದಲಾಗೈತಿ, ನೀವ ಹೇಳ್ರಿ. ಇನ್ನೊಮ್ಮೆ ಬದಲ್ ಮಾಡಿದ್ರ ಅದು ಸರಿ ಹೋಗ್ತೈತೇನು?” ಅಧ್ಯಕ್ಷರು ನಿಯಮ ನಿಯಮವೇ ಎಂದರು.

ಆಗ ಫಕೀರವ್ವ ನನ್ನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. “ಬೆಸುಗಿ ಬೀಳಲಿಲ್ಲಂತ ತಿರುಗಿ ಕೊಡಾಕ ಇದೇನ ಅಂಗಡ್ಯಾಗಿನ ಸೀರಿ ಏನ್ರೀ? ಅಕಿ ನನ್ನ ಪ್ರೀತಿ ಮಾಡ್ಲಿ ಅಂತ ಆಸೆ ಇತ್ತು, ಸುಳ್ಳ ಹೇಳೂದಿಲ್ಲ. ಮಾಡ್ಲಿಲ್ಲ. ಹೊಟ್ಟಿ ಉರದೈತಿ. ಆದ್ರ ಅದು ನನ್ನ ಹೊಟ್ಟಿ, ನಾ ನೋಡ್ಕೋತೀನಿ. ಅಕಿನ್ನ ಕೊಡೂದಿಲ್ಲ.” ಹೀಗೆಂದು ಯಾರ ಅಪ್ಪಣೆಗೂ ಕಾಯದೆ ಬಾಗಿಲು ದಾಟಿ ಬಂದಳು.

ಮಂಡಳಿಯವರು ಇಬ್ಬರು ನೌಕರರನ್ನು ಖಾನಾವಳಿಗೆ ಕಳಿಸಿದರು. ಮಧ್ಯಾಹ್ನದ ಹೊತ್ತು. ಫಕೀರವ್ವ ಹೊಸ್ತಿಲಿಗೆ ಅಡ್ಡಲಾಗಿ ಮಣೆ ಹಾಕಿ, ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. “ಬರ್ರಿ, ಊಟದ ಹೊತ್ತಿಗೆ ಬಂದೀರಿ. ಉಂಡ ಹೋಗ್ರಿ. ಕೂಸ ಬರೂದಿಲ್ಲ” ಎಂದಳು. ಅವರು ಅವಳನ್ನು ದಾಟಿ ಒಳಗೆ ಹೋಗಿ ಉಂಡು ಹೋದರು. ಮುಂದಿನ ತಿಂಗಳು ಮತ್ತೆ ಬಂದರು, ಮತ್ತೆ ಉಂಡರು. ಆಮೇಲಾಮೇಲೆ ಅವರೇ ಬರುವ ಮುಂಚೆ ಫೋನು ಮಾಡಿ ಇವತ್ತು ಏನು ಪಲ್ಯ ಎಂದು ಕೇಳುತ್ತಿದ್ದರಂತೆ. ಅಷ್ಟರಲ್ಲಿ ಡಾಕ್ಟರ್ ನದಾಫ ಓಡಾಡಿ ಓಡಾಡಿ ಅವಧಿ ಮುಂದೂಡಿಸಿದರು.

ಅವರು ಖಾನಾವಳಿಗೂ ಬಂದರು. ಫಕೀರವ್ವನ ಎದುರು ಕೂತು ತಿಳಿಸಿ ಹೇಳಿದರು. ಈ ಮಗುವಿಗೆ ಎಲ್ಲರೂ ಒಂದೇ, ಯಾಕೆಂದರೆ ಎಲ್ಲರೂ ಹೋಗುವವರೇ ಎಂದು ಅದರ ಮೈಗೆ ಗೊತ್ತಿದೆ. ಆದ್ದರಿಂದ ಕೆಲವು ಕಾಲ ಎಲ್ಲವೂ ನಿಮ್ಮ ಕೈಯಿಂದಲೇ ಆಗಬೇಕು. ಊಟ, ನೀರು, ಸ್ನಾನ, ಗಾಯಕ್ಕೆ ಪಟ್ಟಿ. ಬೇರೆ ಯಾರೂ ಎತ್ತಬಾರದು, ಮುದ್ದು ಮಾಡಬಾರದು. ಅಳದಿದ್ದರೂ ಅತ್ತಂತೆಯೇ ತಿಳಿದು ಓಡಿ ಹೋಗಿ. ಎಷ್ಟು ದಿನ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಫಕೀರವ್ವ ಅಂದಿನಿಂದ ಸೌಟು ಹಿಡಿದು ಕಾವಲಿಗೆ ನಿಂತಳು. “ನನ್ನ ಮಗಳನ್ನ ಮುಟ್ಟಿದ್ರ ಪಲ್ಯಾ ಹಾಕೂದಿಲ್ಲ” ಎಂದು ಗಿರಾಕಿಗಳಿಗೆ ತಾಕೀತು ಮಾಡಿದಳು. ಗಾಳಿಕಂಬದ ಗಟ್ಟಿ ಆಳುಗಳು ನಾನು ತೊಡೆ ಏರಲು ಬಂದರೆ ಬೆಂಕಿ ಬಂದಂತೆ ಎದ್ದು ನಿಲ್ಲುತ್ತಿದ್ದರು, “ಹೋಗವಾ, ನಿಮ್ಮವ್ವನ ಕಡೆ ಹೋಗು” ಎನ್ನುತ್ತಿದ್ದರು. ನಾನು ತಿರುಗಿ ತಿರುಗಿ ಒಂದೇ ತೊಡೆಗೆ ಬರಬೇಕಾಯಿತು. ಅದು ಒಲೆಯ ಶಾಖದಿಂದ ಬೆಚ್ಚಗಿರುತ್ತಿತ್ತು, ಜೋಳದ ಹಿಟ್ಟಿನ ವಾಸನೆ ಇರುತ್ತಿತ್ತು, ಬೈಗುಳವೂ ಇರುತ್ತಿತ್ತು. ಫಕೀರವ್ವ ಸಿಟ್ಟಿನ ಹೆಂಗಸು. ಒಮ್ಮೊಮ್ಮೆ ಸಾಕಾಗಿ ಹಿತ್ತಲಿಗೆ ಹೋಗಿ ಒಬ್ಬಳೇ ಅಳುತ್ತಿದ್ದಳು. ಆದರೆ ಮುಖ ತೊಳೆದುಕೊಂಡು ತಿರುಗಿ ಬರುತ್ತಿದ್ದಳು, ಪ್ರತಿ ಸಲವೂ ಅವಳೇ ಬರುತ್ತಿದ್ದಳು.

ಹೀಗೆ ಇನ್ನೊಂದು ಮಳೆಗಾಲ ಕಳೆಯಿತು. ಫಕೀರವ್ವನ ಕಣ್ಣಿಗೆ ಪೊರೆ ಬಂದು ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಬೇಕಾಯಿತು. ನನ್ನನ್ನು ಪಕ್ಕದ ಮನೆಯವರಲ್ಲಿ ಬಿಟ್ಟು, ನಾಡಿದ್ದು ಬರುತ್ತೇನೆಂದು ಹೇಳಿ ಹೋದಳು. ನಾನು ಎಂದಿನಂತೆ ಕೈಬೀಸಿದೆ. ಅಂದು ಸಂಜೆ ಊಟ ಮಾಡಲಿಲ್ಲವಂತೆ. ಮರುದಿನವೂ ಬಾಗಿಲು ನೋಡುತ್ತ ಕೂತಿದ್ದೆನಂತೆ. ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದಾಗ ನಾನು ಓಡಿ ಹೋಗಿ ಅಪ್ಪಿಕೊಂಡೆ ಎಂದು ಬರೆದರೆ ನಿಮಗೆ ಸಂತೋಷವಾಗುತ್ತಿತ್ತೇನೋ. ನಾನು ಹೋಗಿ ರೊಟ್ಟಿ ಬಡಿಯುವ ಕಟ್ಟೆಯ ಅಡಿಯಲ್ಲಿ ಸೇರಿಕೊಂಡೆ. ಅವಳು ಬಗ್ಗಿ ಕೈ ಚಾಚಿದಳು. ನಾನು ಆ ಕೈಯನ್ನು ಕಡಿದೆ. ಹಲ್ಲು ಒಳಗೆ ಇಳಿಯುವ ಹಾಗೆ ಕಡಿದೆ.

ಅವಳು ಕೈ ಹಿಂದಕ್ಕೆ ಎಳೆದುಕೊಂಡು ಅಲ್ಲೇ ನೆಲದ ಮೇಲೆ ಕೂತು ಡಾಕ್ಟರಿಗೆ ಫೋನು ಹಚ್ಚಿದಳು. ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. “ಡಾಕ್ಟರ್ರ, ಕಡದಾಳ್ರೀ! ನನ್ನ ಕಡದಾಳ! ಬ್ಯಾರೆ ಯಾರನ್ನೂ ಅಲ್ಲ, ನನ್ನ!”

“ರಕ್ತ ಬಂತೇನ್ರಿ?”

“ಬಂತ್ರೀ!”

“ಚಲೋ ಆತು. ಕೈ ತೊಳ್ಕೊಂಡು ಪಟ್ಟಿ ಕಟ್ಕೋರಿ. ಆಮ್ಯಾಲೆ ಅಕಿ ಬಾಜೂಕ ಹೋಗಿ ಸುಮ್ನ ಕುಂದರ್ರಿ.”

ಫಕೀರವ್ವ ಕಟ್ಟೆಯ ಅಡಿಗೆ ತೂರಿಕೊಂಡು ನನ್ನ ಪಕ್ಕದಲ್ಲಿ ಬಂದು ಕೂತಳು. ಆಗ ನಾನು ಅತ್ತೆ. ಐದಾರು ವರ್ಷಗಳ ಅಳುವೆಲ್ಲ ಒಟ್ಟಿಗೆ ಬಂದಿತೆಂದು ಕಾಣುತ್ತದೆ, ಗಿರಾಕಿಗಳು ತಾಟು ಬಿಟ್ಟು ಎದ್ದು ಬಂದರು. ಹೋದವಳ ಮೇಲೆ ಸಿಟ್ಟು ಬರಬೇಕಾದರೆ ಅವಳು ತಿರುಗಿ ಬರಬೇಕೆಂಬ ಆಸೆ ಮೊದಲು ಇರಬೇಕು. ಲೋಕದ ಎಲ್ಲರಿಗೂ ನಗುವನ್ನು ಹಂಚಿದ್ದೆ. ಸಿಟ್ಟನ್ನು ಅವಳೊಬ್ಬಳಿಗೇ ಕೊಟ್ಟೆ.

ಇಲ್ಲಿಗೆ ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡಿ. ಲೆಕ್ಕ ನನಗೆ ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಮದುವೆಯಾದ ಮೇಲೂ ದಿಂಬಿನ ಅಡಿಯಲ್ಲಿ ರೊಟ್ಟಿ ಬಚ್ಚಿಡುತ್ತಿದ್ದೆ. ನನ್ನ ಮಗ ಹುಟ್ಟಿ ಮೊದಲ ಸಲ ಅತ್ತಾಗ ನನಗೆ ಏನೂ ತೋಚದೆ ಗೋಡೆ ಹಿಡಿದು ನಿಂತಿದ್ದೆ. ಮುದುಕಿಯಾಗಿದ್ದ ಫಕೀರವ್ವ, “ಎತ್ಗೊಳ್ಳ, ಹುಚ್ಚೀ, ಎತ್ಗೊ” ಎಂದು ಬೈದು ಕಲಿಸಿದಳು. ಗಾಳಿಕಂಬಗಳ ಕಚೇರಿಯಲ್ಲಿ ದುಡಿದು ನಿವೃತ್ತಳಾದೆ. ಈಗಲೂ ಸ್ಟೇಷನ್ನಿನಲ್ಲಿ ಅಪರಿಚಿತರು ನಕ್ಕು ಬಾ ಎಂದರೆ ನನ್ನ ಕಾಲನ್ನು ನಾನೇ ತಡೆದು ನಿಲ್ಲಿಸಬೇಕಾಗುತ್ತದೆ.

ಹೋದ ವರ್ಷ ಕರಾವಳಿಯಲ್ಲಿ ನೀರು ನುಗ್ಗಿ ಬಹಳ ಮನೆಗಳು ಹೋದವು. ದಿಕ್ಕಿಲ್ಲದ ಕೂಸುಗಳನ್ನು ಘಟ್ಟದ ಮೇಲಕ್ಕೆ ತಂದರು. ಸರ್ಕಾರ ಮತ್ತೆ ಬೆಳೆಮನೆ ತೆರೆಯಲು ಹೊರಟಿತು. ಈ ಸಲ ತೊಟ್ಟಿಲಿಗೊಂದು ತೂಗುಗೈ. ಅದು ಮೆತ್ತನೆಯ ಯಂತ್ರದ ತೋಳು. ಕೂಸನ್ನು ತೂಗುತ್ತದೆ, ಹಾಲು ಕುಡಿಸುತ್ತದೆ, ಹೆಂಗಸಿನ ದನಿಯಲ್ಲಿ ಜೋಗುಳ ಹೇಳುತ್ತದೆ, ಮೈಯಷ್ಟೇ ಬೆಚ್ಚಗಿರುತ್ತದೆ. ದಣಿಯುವುದಿಲ್ಲ, ಬೈಯುವುದಿಲ್ಲ, ಹಿತ್ತಲಿಗೆ ಹೋಗಿ ಅಳುವುದಿಲ್ಲ. ಕಡಿದರೆ ಅದಕ್ಕೆ ನೋವಾಗುವುದಿಲ್ಲ. ಮನುಷ್ಯರು ಮಾತ್ರ ಅಲ್ಲಿಯೂ ಸರದಿಯ ಮೇಲೆಯೇ.

ಇದನ್ನು ವಿಚಾರಿಸುವ ಸಮಿತಿಯವರು ನನ್ನನ್ನು ಕರೆಸಿದರು. ವೇದಿಕೆಯ ಮೇಲೆ ಕೂರಿಸಿ, ಇವರೂ ಬೆಳೆಮನೆಯಲ್ಲೇ ಬೆಳೆದವರು, ನೋಡಿ ಎಷ್ಟು ಚೆನ್ನಾಗಿದ್ದಾರೆ ಎಂದು ಪರಿಚಯಿಸಿದರು. ಒಂದು ಫೋಟೋಗೆ ನಗ್ರಿ ಎಂದರು. ನಾನು ನಗಲಿಲ್ಲ. “ನನ್ನ ತೋರ್ಸಿ ಈ ಮನಿ ಕಟ್ಟಬ್ಯಾಡ್ರಿ” ಎಂದೆ. “ನಾ ಆ ಮನ್ಯಾಗ ಬೆಳದಾಕಿ ಅಲ್ಲ. ಆ ಮನಿ ಬಿಟ್ಟ ಮ್ಯಾಲೆ ಬೆಳದಾಕಿ.” ಸಮಿತಿಯ ಪಂಡಿತರೊಬ್ಬರು ಕೇಳಿದರು, “ಹಾಗಾದರೆ ಅಲ್ಲಿದ್ದವರೆಲ್ಲ ಕೆಟ್ಟುಹೋದರು ಎನ್ನುತ್ತೀರಾ?” ನಾನೆಂದೆ, “ಕೆಟ್ಟಹೋಗಿದ್ರ ನಿಮ್ಮ ಮುಂದ ನಿಂತು ಹಿಂಗ ಮಾತಾಡ್ತಿದ್ದೆನೇನ್ರಿ?” ಅವರಿಗೆ ಎರಡರಲ್ಲಿ ಒಂದು ಉತ್ತರ ಬೇಕಿತ್ತು. ನಾವು ಮುರಿದವರಾಗಿರಬೇಕು, ಆಗ ಕನಿಕರಿಸಿ ಕೈತೊಳೆದುಕೊಳ್ಳಬಹುದು. ಇಲ್ಲವೇ ಏನೂ ಆಗದವರಾಗಿರಬೇಕು, ಆಗ ಇನ್ನೊಂದು ಮನೆ ಕಟ್ಟಬಹುದು. ನಾನು ಎರಡನ್ನೂ ಕೊಡಲಿಲ್ಲ.

ಮನೆ ತೆರೆದೇ ತೆರೆಯಿತು. ಹಳೆಯ ಮಕ್ಕಳು ನೆರವಿಗೆ ಬಂದರೆ ಚೆನ್ನಾಗಿ ಕಾಣುತ್ತದೆಂದು ನಮ್ಮಲ್ಲಿ ಹತ್ತಾರು ಮಂದಿಯನ್ನು ಸರದಿಗೆ ಸೇರಿಸಿಕೊಂಡರು. ಎಲ್ಲರೂ ಅರವತ್ತು ದಾಟಿದವರು. ನಾವು ನಮ್ಮ ನಮ್ಮಲ್ಲೇ ಮಾತಾಡಿಕೊಂಡು ಹೋಗಿದ್ದೆವು. ವಾರದ ಕೊನೆಯ ದಿನ ತಲಾ ಒಂದು ಕೂಸನ್ನು ತೊಟ್ಟಿಲಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿ ಕೂತೆವು. ಸ್ವಲ್ಪ ಹೊತ್ತಿಗೆ ಸರದಿ ಬದಲಾಗುವ ಗಂಟೆ ಹೊಡೆಯಿತು. ಮೇಲ್ವಿಚಾರಕಿ ಎಳೆಯ ಹುಡುಗಿ, ಬಂದು ಮೆಲ್ಲಗೆ ಹೇಳಿದಳು, “ಅಮ್ಮಾರ, ಸರದಿ ಮುಗೀತ್ರಿ. ಏಳ್ರಿ.”

“ಏಳೂದಿಲ್ಲವಾ” ಎಂದೆ.

ನನ್ನ ಪಕ್ಕದಲ್ಲಿ ಕೂತಿದ್ದವನು ಮಹಾಂತೇಶ. ಹಳೆಯ ಬೆಳೆಮನೆಯಲ್ಲಿ ನನ್ನ ಪಕ್ಕದ ಸಾಲಿನ ತೊಟ್ಟಿಲಿನವನು. ಅವನು ಹೊರಗೆ ಬಂದದ್ದು ಒಂಬತ್ತನೆಯ ವಯಸ್ಸಿಗೆ. ಅವನನ್ನು ಎರಡು ಮನೆಗಳು ಇಟ್ಟುಕೊಂಡು, ಆಗುವುದಿಲ್ಲವೆಂದು ತಿರುಗಿ ಕೊಟ್ಟಿದ್ದವು. ಜೀವಮಾನವಿಡೀ ಗಾಳಿಕಂಬ ಹತ್ತಿ ಒಬ್ಬನೇ ದುಡಿದ, ಒಬ್ಬನೇ ಉಂಡ. ಕೂಸನ್ನು ಎಂದೂ ಎತ್ತಿದವನಲ್ಲ. ಗಾಜಿನ ಸಾಮಾನು ಹಿಡಿದಂತೆ ಎರಡು ಕೈ ಚಾಚಿ ಹಿಡಿದಿದ್ದ. ಕೂಸು ಕಿರಿಚತೊಡಗಿತು. “ಸುವ್ವೀ, ಏನ ಮಾಡ್ಲಿ? ನನಗ ಇದು ಬರೂದಿಲ್ಲ” ಎಂದ.

“ಏನೂ ಮಾಡಬ್ಯಾಡ. ಎದಿಗೆ ಒತ್ಗೊಂಡು ಕೂಡು. ಏಳಬ್ಯಾಡ ಅಷ್ಟ.”

ಅವನು ಏಳಲಿಲ್ಲ. ನಾವು ಯಾರೂ ಏಳಲಿಲ್ಲ. ಅಂದಿನಿಂದ ಇಲ್ಲೇ ಇದ್ದೇವೆ. ಮನೆಯವರು ಬುತ್ತಿ ತಂದು ಕಿಟಕಿಯಲ್ಲಿ ಕೊಡುತ್ತಾರೆ. ಬೆನ್ನು ಹಿಡಿದುಕೊಂಡಿದೆ, ಮೊಣಕಾಲು ಮಡಚಲು ಬರುವುದಿಲ್ಲ. ಒಬ್ಬೊಬ್ಬರಾಗಿ ಬಚ್ಚಲಿಗೆ ಹೋಗುತ್ತೇವೆ, ಹೋದವರ ಕೂಸು ಅಷ್ಟು ಹೊತ್ತೂ ಮನೆ ಹಾರಿಹೋಗುವಂತೆ ಅಳುತ್ತದೆ. ಮೇಲಿನವರು ನಮ್ಮ ಮೇಲೆ ಹೊರಿಸಿರುವ ಆರೋಪವೂ ಅದೇ. ಶಾಂತವಾಗಿದ್ದ ಕೂಸುಗಳಿಗೆ ಅಳುವುದನ್ನು ಕಲಿಸಿದ್ದಾರೆ ಎಂದು. ಹೌದು, ಕಲಿಸಿದ್ದೇವೆ. ಆ ಆರೋಪವನ್ನು ಒಪ್ಪಿಕೊಂಡು ನಾನೇ ಮೊದಲು ಸಹಿ ಹಾಕಿದ್ದೇನೆ. ನಾವು ಕೇಳುವುದು ಒಂದೇ. ಒಂದೊಂದು ಕೂಸಿಗೆ ಒಂದೊಂದು ಮನೆ ಕೊಡಿ, ಆ ಮನೆಯವರು ಬಂದು ನಮ್ಮ ಪಕ್ಕದಲ್ಲಿ ಕೂತು, ಕೂಸು ಅವರನ್ನು ಹಿಡಿದುಕೊಂಡ ಮೇಲೆ ನಾವು ಬಿಡುತ್ತೇವೆ. ಆಗಲೇ ಮೂರು ಕೂಸುಗಳು ಹೀಗೆ ಹೋದವು. ನಮ್ಮ ಬದಲು ಬೇರೆಯವರು ಕೂರುತ್ತಾರೆ, ವಯಸ್ಸಾದವರು ಮನೆಗೆ ಹೋಗಿ ಎಂದು ಕೆಲವು ಹುಡುಗರು ಬಂದಿದ್ದರು. ಒಪ್ಪಲಿಲ್ಲ. ಬದಲಿ ಎಂಬುದರ ಮೇಲೆಯೇ ನಮ್ಮ ಜಗಳ.

ಮಹಾಂತೇಶ ತನ್ನ ಕೂಸನ್ನು ತಾನೇ ಸಾಕುತ್ತೇನೆಂದು ಅರ್ಜಿ ಕೊಟ್ಟಿದ್ದಾನೆ. ಒಬ್ಬಂಟಿ, ಮುದುಕ, ಮೇಲಾಗಿ ಎರಡು ಸಲ ಬೆಸುಗೆ ಬೀಳದೆ ತಿರುಗಿ ಬಂದವನು, ನಿನಗೆ ಹೇಗೆ ಕೊಡುವುದು ಎಂದರು ಅಧಿಕಾರಿಗಳು. “ನಾ ತಿರುಗಿ ಬಂದಿಲ್ರಿ” ಎಂದ ಅವನು, “ಅವರು ತಿರುಗಿ ಕೊಟ್ರು.” ಮುಂದೇನಾಗುವುದೋ ಗೊತ್ತಿಲ್ಲ. ಕೂಸು ಅವನ ಅಂಗಿಯ ಗುಂಡಿ ಹಿಡಿದುಕೊಂಡೇ ಮಲಗುತ್ತದೆ.

ಈಗ ನಿಮ್ಮ ವಿಷಯ. ಇದೆಲ್ಲ ನಿಮಗೆ ಗೊತ್ತಿರಲಿಲ್ಲ ಎಂದು ನಾನು ಒಪ್ಪುವುದಿಲ್ಲ. ಸಾಲು ತೊಟ್ಟಿಲುಗಳಲ್ಲಿ ಬೆಳೆದ ಮಕ್ಕಳ ಮೈ, ಮಾತು, ಬುದ್ಧಿ ಹೇಗೆ ಹಿಂದೆ ಬೀಳುತ್ತವೆ, ಬೇಗ ಒಂದು ಮಡಿಲು ಸಿಕ್ಕರೆ ಎಷ್ಟು ಚೇತರಿಸಿಕೊಳ್ಳುತ್ತವೆ ಎಂದು ತಿಳಿದವರು ನಿಮ್ಮ ಕಾಲದಲ್ಲೇ ಬರೆದಿಟ್ಟಿದ್ದರು. ನಿಮ್ಮ ಊರಲ್ಲೂ ಅಂಥದೊಂದು ಮನೆ ಇದೆ. ನೀವು ಹುಟ್ಟುಹಬ್ಬಕ್ಕೆ ಕೇಕು, ಹೊಸ ಬಟ್ಟೆ ಹಿಡಿದು ಅಲ್ಲಿಗೆ ಹೋಗುತ್ತೀರಿ. ಎಂದೂ ಕಾಣದ ಮಗುವೊಂದು ಓಡಿ ಬಂದು ನಿಮ್ಮ ತೊಡೆ ಏರುತ್ತದೆ, ನಿಮ್ಮ ಕಣ್ಣು ತುಂಬುತ್ತದೆ, ಎಷ್ಟು ಪ್ರೀತಿಯ ಮಗು ಎನ್ನುತ್ತೀರಿ, ಫೋಟೋ ತೆಗೆಸಿಕೊಂಡು ಸಂಜೆಯೊಳಗೆ ಮನೆ ಸೇರುತ್ತೀರಿ. ಆ ಮಗು ನಾನು. ನಿಮ್ಮ ನಂತರ ಬಂದವರ ತೊಡೆಯನ್ನೂ ಹೀಗೆಯೇ ಏರಿದೆ. ಅದು ಪ್ರೀತಿಯಲ್ಲ, ಗಾಯ. ಹೋಗುವುದಾದರೆ ಒಂದು ಮಗುವಿಗಾಗಿ ಹೋಗಿ, ಮತ್ತೆ ಅದೇ ಮಗುವಿಗಾಗಿ ಹೋಗಿ, ಅದು ನಿಮ್ಮ ಮೇಲೆ ಸಿಟ್ಟಾಗುವವರೆಗೆ ಹೋಗಿ. ಆಮೇಲೆ ಬಾಗಿಲು ತೆರೆದು ಮನೆಗೆ ಕರೆದುಕೊಳ್ಳಿ. ಅಷ್ಟು ಆಗುವುದಿಲ್ಲವಾದರೆ ಕೇಕು ನಿಮ್ಮ ಮನೆಯಲ್ಲೇ ಕತ್ತರಿಸಿ.

ಕಾವು ತಿಂಗಳೆಂದು ಕಚೇರಿ ಮುಚ್ಚಿದ್ದರೂ ಇಂದು ಬೆಳಿಗ್ಗೆ ಬಿಸಿಲೇರುವ ಮುಂಚೆಯೇ ಅಧಿಕಾರಿಗಳು ಪೊಲೀಸರೊಂದಿಗೆ ಬಂದರು. ನಾಳೆಯೊಳಗೆ ನಾವಾಗಿ ಏಳದಿದ್ದರೆ ಎತ್ತಿ ಹೊರಗೆ ಹಾಕುವುದಾಗಿ ಆದೇಶ ತಂದಿದ್ದರು. ನಡುಮನೆಯಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಲು ಶುರು ಮಾಡಿದರು. ಎತ್ತಲಿ, ನಾವು ಹಗುರವಾದ ಮಂದಿ, ಎತ್ತುವುದು ಕಷ್ಟವಲ್ಲ. ಎದ್ದರು ಎಂದು ಮಾತ್ರ ಯಾರೂ ಬರೆಯಬಾರದು. ಓದು ಅರ್ಧಕ್ಕೆ ಬಂದಿರಬೇಕು, ಮಹಾಂತೇಶ ಕೂತಲ್ಲಿಂದಲೇ ಕೈ ಎತ್ತಿ ತಡೆದ.

“ಸಾವಕಾಶ ಓದ್ರಿ ಸಾಹೇಬ್ರ” ಎಂದ, “ಕೂಸು ಈಗರೆ ಮಲಗೇತಿ.”

ಸುಹಾಸಿನಿ ಫಕೀರವ್ವ ಕಮತರ